ತೂತು ಅಂಗಿಯ ಮೇಸ್ತ್ರಿಗಳು ಮತ್ತು ಲಾರಿಯ ಬ್ಯಾಟರಿ

ಜೂನ್ ತಿಂಗಳ ನಡುವಿನಲ್ಲಿ, ಶಾಲೆಗಳು ಬಾಗಿಲು ತೆರೆಯುವ ಆ ವಾರ, ಬೊರಿವಲಿ ಪೂರ್ವದ ಯಾವುದಾದರೊಂದು ಒಳರಸ್ತೆಯಲ್ಲಿ ಬೆಳಿಗ್ಗೆ ಆರು ಗಂಟೆಗೆ ಹಾಲಿನ ಪ್ಯಾಕೆಟ್ ತರಲು ಹೊರಟಿದ್ದರೆ ಈ ಶಬ್ದವನ್ನು ನೀವು ಕೇಳಿರಲೇಬೇಕು. ಹಳದಿ ಬಣ್ಣದ ಹಳೆಯ ಬಸ್ಸು. ಡ್ರೈವರ್ ಸೆಲ್ಫ್ ಹೊಡೆಯುತ್ತಾನೆ. ಒಳಗಿನಿಂದ ಮುದುಕರ ಗೊರಕೆಯಂತೆ ಒಂದು ಎಳೆತ, ಇನ್ನೊಂದು ಎಳೆತ, ಆಮೇಲೆ ಬರೇ 'ಟಕ್'. ಮೇಲೆ ಮಳೆಮೋಡ, ಮೂಲೆಯಲ್ಲಿ ಯೂನಿಫಾರ್ಮ್ ತೊಟ್ಟ ಮಕ್ಕಳು, ಗಡಿಯಾರ ನೋಡುತ್ತಿರುವ ತಾಯಂದಿರು. ನಾಲ್ಕು ಜನ ಸೇರಿ ತಳ್ಳಿದರೆ ಬಸ್ಸು ಹೊರಡುತ್ತದೆ, ಇಲ್ಲವಾದರೆ ಮಕ್ಕಳಿಗೆ ಆ ದಿನ ರಿಕ್ಷಾವೇ ಗತಿ.

ಬೈಗುಳ ತಿನ್ನುವುದು ಯಾವಾಗಲೂ ಬ್ಯಾಟರಿ. ಆದರೆ ಅದರ ತಪ್ಪಾದರೂ ಏನು? ಬೇಸಿಗೆ ರಜೆಗೆ ಡ್ರೈವರ್ ಕಾರ್ಕಳಕ್ಕೋ ಕುಂದಾಪುರಕ್ಕೋ ಹೋಗಿದ್ದಾನೆ. ಒಂದೂವರೆ ತಿಂಗಳು ಬಸ್ಸು ಮುಂಬಯಿಯ ಮೇ ಬಿಸಿಲಿನಲ್ಲಿ ನಿಂತಿದೆ. ಹಳೆಯ ಮಾದರಿಯ ಬ್ಯಾಟರಿ ಸುಮ್ಮನೆ ನಿಂತರೂ ದಿನದಿನಕ್ಕೆ ಸೋರುತ್ತದೆ, ಸೆಖೆ ಹೆಚ್ಚಿದಷ್ಟೂ ಸೋರಿಕೆ ಹೆಚ್ಚು. ಹಸಿದ ಬ್ಯಾಟರಿಯ ಒಳಗೆ ಏನಾಗುತ್ತದೆ, ಅದನ್ನು ಎಬ್ಬಿಸಲು ನಮ್ಮ ಹಿರಿಯ ಮೇಸ್ತ್ರಿಗಳು ಏನು ಮಾಡುತ್ತಿದ್ದರು, ಆ ವಿದ್ಯೆ ಎಲ್ಲಿಂದ ಬಂತು, ಅದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಈ ಸಲ ನಿಮ್ಮೊಡನೆ ಹಂಚಿಕೊಳ್ಳೋಣವೆಂದು ಕುಳಿತಿದ್ದೇನೆ. ರೇಡಿಯೋ ಕೇಳುಗರಾದ ನಮಗೂ ಈ ಪೆಟ್ಟಿಗೆಗೂ ಹಳೆಯ ನಂಟು ಇದೆ. ಅದು ಮುಂದೆ ಬರುತ್ತದೆ.

ಕತೆ ಶುರುವಾಗುವುದು 1859ರಲ್ಲಿ, ಫ್ರಾನ್ಸಿನಲ್ಲಿ. ಗಾಸ್ತೋನ್ ಪ್ಲಾಂಟೆ ಎಂಬ ಭೌತವಿಜ್ಞಾನಿ ಸೀಸದ ಎರಡು ಹಾಳೆಗಳನ್ನು ಒಂದಕ್ಕೊಂದು ತಾಗದಂತೆ ನಡುವೆ ಪಟ್ಟಿ ಇಟ್ಟು ಸುರುಳಿ ಸುತ್ತಿ, ನೀರು ಬೆರೆಸಿದ ಗಂಧಕಾಮ್ಲದಲ್ಲಿ ಮುಳುಗಿಸಿದ. ಕರೆಂಟು ಕೊಟ್ಟರೆ ಅದು ಹಿಡಿದಿಟ್ಟುಕೊಂಡಿತು, ಬೇಕೆಂದಾಗ ತಿರುಗಿ ಕೊಟ್ಟಿತು. ಬರಿದಾದ ಮೇಲೆ ಮತ್ತೆ ತುಂಬಿಸಬಹುದಾದ ಮೊದಲ ಬ್ಯಾಟರಿ ಇದು. 1881ರಲ್ಲಿ ಕಮೀಲ್ ಫೋರ್ ಎಂಬ ಇನ್ನೊಬ್ಬ ಫ್ರೆಂಚ್ ರಸಾಯನಜ್ಞ ಸೀಸದ ಆಕ್ಸೈಡನ್ನು ಕಲಸಿ ಪ್ಲೇಟಿನ ಮೇಲೆ ಮೆತ್ತುವ ಉಪಾಯ ಕಂಡುಹಿಡಿದ ಮೇಲೆ ಇದು ಕಾರ್ಖಾನೆಯ ಮಾಲಾಯಿತು. ನಿಮ್ಮ ಬೀದಿಯ ಶಾಲಾಬಸ್ಸಿನಲ್ಲಿ ಇವತ್ತು ಕುಳಿತಿರುವುದೂ ಮೂಲತಃ ಅದೇ. ಟೆಲಿಫೋನು, ರೇಡಿಯೋ, ಕಂಪ್ಯೂಟರು ಎಲ್ಲವೂ ಗುರುತು ಸಿಗದಷ್ಟು ಬದಲಾದವು. ಸೀಸ, ಗಂಧಕಾಮ್ಲ, ಒಂದೊಂದು ಸೆಲ್ಲಿಗೆ ಎರಡು ವೋಲ್ಟು ಎಂಬ ಲೆಕ್ಕ ಮಾತ್ರ ನೂರಾರವತ್ತು ವರ್ಷ ದಾಟಿದರೂ ಹಾಗೆಯೇ ಇದೆ.

ಇನ್ನು ಬೊರಿವಲಿಗೆ ಬರೋಣ. 1867ರ ಏಪ್ರಿಲ್ 12ರಂದು ವಿರಾರಿನಿಂದ ಬ್ಯಾಕ್‌ಬೇಗೆ ಮೊದಲ ಉಪನಗರ ರೈಲು ಹೊರಟಾಗ ನಿಲ್ದಾಣಗಳ ಪಟ್ಟಿಯಲ್ಲಿ ನಮ್ಮೂರಿನ ಹೆಸರು 'ಬೆರೆವ್ಲಾ' ಎಂದಿತ್ತು. 1928ರ ಜನವರಿ 5ರಂದು ಕೊಲಾಬಾದಿಂದ ಬೊರಿವಲಿಯವರೆಗೆ ವಿದ್ಯುತ್ ರೈಲು ಓಡಿತು. ತಲೆಯ ಮೇಲೆ ತಂತಿ ಎಳೆದ ಕಡೆ ರೈಲಿಗೆ ಕರೆಂಟಿನ ಚಿಂತೆಯಿಲ್ಲ. ರಸ್ತೆಯ ವಾಹನಕ್ಕೆ ಆ ಭಾಗ್ಯವಿಲ್ಲ, ತನ್ನ ಕರೆಂಟನ್ನು ಬುತ್ತಿಯಂತೆ ತಾನೇ ಕಟ್ಟಿಕೊಂಡು ಹೋಗಬೇಕು. 1957ರಲ್ಲಿ ಬೃಹನ್ಮುಂಬಯಿಯ ಗಡಿ ದಹಿಸರಿನವರೆಗೆ ಚಾಚಿ ಬೊರಿವಲಿ ನಗರದೊಳಗೆ ಸೇರಿತು. ಇಲ್ಲಿ ಕಟ್ಟಡಗಳು ಎದ್ದಂತೆ ಕಲ್ಲು, ಮರಳು, ಇಟ್ಟಿಗೆ, ಟ್ಯಾಂಕರ್ ನೀರು ಎಲ್ಲವೂ ಲಾರಿಯಲ್ಲೇ ಬಂದವು. ಬುತ್ತಿಯ ಪೆಟ್ಟಿಗೆಯೂ ಜೊತೆಗೆ ಬಂತು.

ಮೊದಮೊದಲ ಮೋಟಾರುಗಳಿಗೆ ಸೆಲ್ಫ್ ಇರಲಿಲ್ಲ. ಮುಂಭಾಗದ ತೂತಿಗೆ ಕಬ್ಬಿಣದ ಹ್ಯಾಂಡಲ್ ತೂರಿಸಿ ಗರಗರನೆ ತಿರುಗಿಸಬೇಕು. ಇಂಜಿನ್ ಹಿಮ್ಮುಖವಾಗಿ ಒದ್ದರೆ ಮಣಿಕಟ್ಟು ಮುರಿಯುತ್ತಿತ್ತು. 1912ರಲ್ಲಿ ಅಮೆರಿಕದ ಚಾರ್ಲ್ಸ್ ಕೆಟರಿಂಗ್ ಕ್ಯಾಡಿಲಾಕ್ ಕಾರಿಗೆ ಬ್ಯಾಟರಿಯಿಂದ ತಿರುಗುವ ಸ್ಟಾರ್ಟರ್ ಮೋಟಾರ್ ಜೋಡಿಸಿದ. ಅಲ್ಲಿಯವರೆಗೆ ದೀಪಕ್ಕೂ ಕಿಡಿಗೂ ಮೀಸಲಾಗಿದ್ದ ಬ್ಯಾಟರಿಯ ತಲೆಗೆ ಆಗ ನಿಜವಾದ ಹೊರೆ ಬಿತ್ತು. ಮನೆಯ ಅರುವತ್ತು ವಾಟಿನ ಬಲ್ಬು ಎಳೆಯುವುದು ಕಾಲು ಆಂಪಿಯರ್. ಲಾರಿಯ ಸೆಲ್ಫ್ ಕೆಲವೇ ಸೆಕೆಂಡು ಎಳೆಯುವುದು ನೂರಾರು ಆಂಪಿಯರ್! ಬ್ಯಾಟರಿಯ ಆರೋಗ್ಯ ಹೊರಬೀಳುವುದು ಆ ಕೆಲವು ಸೆಕೆಂಡುಗಳಲ್ಲೇ.

ನಮ್ಮ ಕರಾವಳಿಯಲ್ಲಿ 1914ರಲ್ಲಿ ಮಂಗಳೂರಿನಲ್ಲಿ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪೆನಿ, ಹಿರಿಯರ ಬಾಯಲ್ಲಿ ಬರೇ 'ಸಿ.ಪಿ.ಸಿ.', ಬಸ್ಸು ಓಡಿಸತೊಡಗಿತು. ಹ್ಯಾಂಡಲ್ ಹೊಡೆಯುವುದು ಆ ಕಾಲದಲ್ಲಿ ಕ್ಲೀನರನ ಕೆಲಸ, ಅದು ಡ್ರೈವರ್ ಆಗುವ ಮೊದಲ ಮೆಟ್ಟಿಲು ಕೂಡ. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ರೇಷನ್ ಬಂದಾಗ ಬಸ್ಸಿನ ಹಿಂದೆ ಇದ್ದಿಲಿನ ಒಲೆ ಕಟ್ಟಿ ಅದರ ಹೊಗೆಯಲ್ಲೇ ಇಂಜಿನ್ ಓಡಿಸಿದ ಊರುಗಳು ನಮ್ಮವು. ಮೈಸೂರು ಸರಕಾರ 1948ರ ಸೆಪ್ಟೆಂಬರ್ 12ರಂದು 120 ಬಸ್ಸುಗಳೊಂದಿಗೆ ತನ್ನದೇ ಸಾರಿಗೆ ಇಲಾಖೆ ಆರಂಭಿಸಿತು. ಊರಿನಲ್ಲಿ ಬಸ್ಸಿನ ಕೆಲಸ ಕಲಿತು ಆಮೇಲೆ ಮುಂಬಯಿ ದಾರಿ ಹಿಡಿದವರು ಎಷ್ಟೋ ಮಂದಿ. ಹೋಟೆಲಿಗೆ ಬಂದವರ ಕತೆ ನಾವು ಬೇಕಾದಷ್ಟು ಬರೆದಿದ್ದೇವೆ, ಸ್ಟಿಯರಿಂಗ್ ಹಿಡಿದವರ ಕತೆ ಬರೆದದ್ದು ಕಡಿಮೆ.

ಮೋಟಾರಿನ ಮಾತು ಬಂದಾಗ ಒಬ್ಬ ಕನ್ನಡಿಗರನ್ನು ನೆನೆಯದೆ ಮುಂದೆ ಹೋಗುವಂತಿಲ್ಲ. 1930ರ ದಶಕದಲ್ಲಿ ಭಾರತದಲ್ಲೇ ಮೋಟಾರು ಕಾರ್ಖಾನೆ ಆಗಬೇಕೆಂದು ಯೋಜನೆ ಹಿಡಿದು ಯುರೋಪು, ಅಮೆರಿಕ ಸುತ್ತಿದವರು ಸರ್ ಎಂ. ವಿಶ್ವೇಶ್ವರಯ್ಯ. ಕಾರ್ಖಾನೆ ಬೆಂಗಳೂರಿಗೆ ಬರಬೇಕೆಂಬ ಪ್ರಯತ್ನಕ್ಕೆ ಬ್ರಿಟಿಷ್ ಸರಕಾರ ಒತ್ತಾಸೆ ಕೊಡಲಿಲ್ಲ. ಅವರ ಜೊತೆಗಿದ್ದ ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಪ್ರೀಮಿಯರ್ ಆಟೋಮೊಬೈಲ್ಸ್ ಸ್ಥಾಪಿಸಿದರು, 1947ರಲ್ಲಿ ಇದೇ ಮುಂಬಯಿಯ ಕುರ್ಲಾದಿಂದ ವಾಹನಗಳು ಹೊರಬಿದ್ದವು. 1954ರಲ್ಲಿ ಜಮ್‌ಶೇಡ್‌ಪುರದಿಂದ ಟಾಟಾ ಮರ್ಸಿಡಿಸ್ ಬೆಂಜ್ ಲಾರಿಗಳು, 1955ರಿಂದ ಮದ್ರಾಸಿನ ಅಶೋಕ್ ಲೇಲ್ಯಾಂಡ್ ಹೆಸರಿನ ವಾಹನಗಳು. ಬೆಂಗಳೂರಿಗೆ 1951ರಲ್ಲಿ ಮೈಕೋ ಬಂತು, ಅಲ್ಲಿ ತಯಾರಾದ ಡೀಸೆಲ್ ಪಂಪುಗಳು ಈ ಲಾರಿಗಳ ಹೃದಯವಾದವು.

ಬ್ಯಾಟರಿಗಳೋ ಮೊದಲು ಹಡಗಿನಲ್ಲಿ ಬರುತ್ತಿದ್ದವು. ಇಂಗ್ಲೆಂಡಿನ ಕ್ಲೋರೈಡ್ ಕಂಪೆನಿ 1916ರಲ್ಲಿ ಭಾರತದಲ್ಲಿ ಆಮದು ವ್ಯಾಪಾರ ತೆರೆಯಿತು. 1946ರಲ್ಲಿ ಬಂಗಾಳದ ಶಾಮ್‌ನಗರದಲ್ಲಿ ಅದರ ಕಾರ್ಖಾನೆ, 1969ರಲ್ಲಿ ಪುಣೆ ಬಳಿಯ ಚಿಂಚ್ವಡದಲ್ಲಿ ಇನ್ನೊಂದು. ಇವತ್ತು ಎಕ್ಸೈಡ್ ಎಂದು ನಾವು ಕರೆಯುವುದು ಇದನ್ನೇ, 1995ರಲ್ಲಿ ಕಂಪೆನಿಗೂ ಆ ಹೆಸರು ಬಂತು. ಮುಂಬಯಿಯವರಿಗೆ ಹೆಚ್ಚು ಪರಿಚಯವಿದ್ದ ಸ್ಟ್ಯಾಂಡರ್ಡ್ ಬ್ಯಾಟರೀಸ್‌ನ ಕಾರ್ಖಾನೆಗಳೂ 1998ರಲ್ಲಿ ಅದರ ಕೈಸೇರಿದವು.

ಹಳೆಯ ಡೀಸೆಲ್ ಲಾರಿಯ ಒಂದು ಗುಟ್ಟು ಹೇಳುತ್ತೇನೆ. ಪೆಟ್ರೋಲ್ ಇಂಜಿನ್ನಿಗೆ ಕಿಡಿ ಬೇಕು, ಕಿಡಿಗೆ ಕರೆಂಟು ಬೇಕು. ಡೀಸೆಲ್ಲಿಗೆ ಕಿಡಿಯೇ ಬೇಡ. ಗಾಳಿಯನ್ನು ಅದುಮಿದಾಗ ಹುಟ್ಟುವ ಕಾವಿನಲ್ಲೇ ಎಣ್ಣೆ ಹೊತ್ತಿಕೊಳ್ಳುತ್ತದೆ, ಪಂಪು ಇಂಜಿನ್ನಿನ ಗಿಯರಿನಿಂದಲೇ ತಿರುಗುತ್ತದೆ. ಆದ್ದರಿಂದ ಆ ಕಾಲದ ಲಾರಿಗೆ ಬ್ಯಾಟರಿ ಬೇಕಾದದ್ದು ದೀಪ, ಹಾರನ್ನು ಬಿಟ್ಟರೆ ದಿನಕ್ಕೆ ನಾಲ್ಕಾರು ಸಲ, ಚಾಲೂ ಮಾಡುವ ಹೊತ್ತಿಗೆ ಮಾತ್ರ. ಒಮ್ಮೆ ಚಾಲೂ ಆದರೆ ಬ್ಯಾಟರಿ ಸತ್ತಿದ್ದರೂ ಲಾರಿ ಹುಬ್ಬಳ್ಳಿ ಮುಟ್ಟುತ್ತಿತ್ತು. ಇದು ವರವೂ ಹೌದು, ಶಾಪವೂ ಹೌದು. ವರ ಹೇಗೆಂದರೆ, ಘಾಟಿಯ ಡ್ರೈವರ್ ರಾತ್ರಿ ಗಾಡಿ ನಿಲ್ಲಿಸುವಾಗ ಮೂತಿಯನ್ನು ಇಳಿಜಾರಿಗೆ ಇಟ್ಟು ಚಕ್ರಕ್ಕೆ ಕಲ್ಲು ಕೊಡುತ್ತಿದ್ದ, ಬೆಳಿಗ್ಗೆ ಕಲ್ಲು ತೆಗೆದು ಗೇರ್ ಹಾಕಿ ಕ್ಲಚ್ ಬಿಟ್ಟರೆ ಮುಗಿಯಿತು. ಶಾಪ ಹೇಗೆಂದರೆ, ಗಾಡಿ ಹೇಗೂ ಓಡುತ್ತದೆ ಎಂಬ ಧೈರ್ಯದಲ್ಲಿ ಬ್ಯಾಟರಿಯನ್ನು ಯಾರೂ ವಿಚಾರಿಸುತ್ತಿರಲಿಲ್ಲ. ಅರೆಹೊಟ್ಟೆಯಲ್ಲಿ ತಿಂಗಳುಗಟ್ಟಲೆ ಇಟ್ಟರೆ ಸೀಸದ ಬ್ಯಾಟರಿಗೆ ಬರುವ ರೋಗಕ್ಕೆ ಮದ್ದು ಕಡಿಮೆ.

ಆ ರೋಗದ ಹೆಸರು ಸಲ್ಫೇಷನ್. ಬ್ಯಾಟರಿ ಕರೆಂಟು ಕೊಡುವಾಗ ಅದರ ಎರಡೂ ಪ್ಲೇಟುಗಳು ಆಸಿಡ್ಡಿನ ಸತ್ವವನ್ನು ಹೀರಿಕೊಂಡು ಸೀಸದ ಸಲ್ಫೇಟ್ ಆಗುತ್ತವೆ, ಉಳಿದ ಆಸಿಡ್ ನೀರಾಗುತ್ತ ಹೋಗುತ್ತದೆ. ಚಾರ್ಜ್ ಮಾಡಿದರೆ ಸಲ್ಫೇಟ್ ಕರಗಿ ಸತ್ವ ತಿರುಗಿ ದ್ರವಕ್ಕೆ ಬರುತ್ತದೆ. ಆಸಿಡ್ಡಿನ ದಪ್ಪ ನೋಡಿದರೆ ಹೊಟ್ಟೆ ಎಷ್ಟು ತುಂಬಿದೆಯೆಂದು ತಿಳಿಯುವುದು ಇದರಿಂದಲೇ. ಅದಕ್ಕೇ ಮೇಸ್ತ್ರಿಯ ಕೈಯಲ್ಲಿ ಸದಾ ಹೈಡ್ರೋಮೀಟರ್, ಒಳಗೆ ತೇಲುವ ಬುರುಡೆ ಇರುವ ಗಾಜಿನ ಪಿಚಕಾರಿ. ಚಳಿ ದೇಶದ ಪುಸ್ತಕಗಳಲ್ಲಿ ತುಂಬಿದ ಬ್ಯಾಟರಿಗೆ 1280 ಎಂದು ಬರೆದಿರುತ್ತದೆ. ನಮ್ಮ ಸೆಖೆಗೆ ಅಷ್ಟು ದಪ್ಪ ಆಸಿಡ್ ಹಾಕಿದರೆ ಪ್ಲೇಟನ್ನೇ ತಿಂದುಬಿಡುತ್ತದೆ, ಆದ್ದರಿಂದ ಇಲ್ಲಿ 1240ರಿಂದ 1250. ಅದು 1150ರ ಕೆಳಗಿಳಿದರೆ ಹೊಟ್ಟೆ ಬರಿದು. ಬರಿದಾದದ್ದನ್ನು ಅಂದೇ ತುಂಬಿಸಿದರೆ ತೊಂದರೆಯಿಲ್ಲ. ಮೇ ತಿಂಗಳಿಡೀ ಹಾಗೇ ಬಿಟ್ಟರೆ ನುಣ್ಣನೆಯ ಸಲ್ಫೇಟು ಬಲಿತು ಕಲ್ಲುಸಕ್ಕರೆಯ ಹರಳಿನಂತೆ ಗಟ್ಟಿಯಾಗುತ್ತದೆ, ಆಮೇಲೆ ಸುಲಭಕ್ಕೆ ಕರಗುವುದಿಲ್ಲ.

ಇದನ್ನೆಲ್ಲ ಪುಸ್ತಕ ಓದದೆ ಬಲ್ಲವರು ಹೆದ್ದಾರಿಯ ಬದಿಯ ಬ್ಯಾಟರಿ ಮೇಸ್ತ್ರಿಗಳು. ದಹಿಸರಿನಲ್ಲಿ ಜಕಾತ್ ನಾಕಾ ಇದ್ದ ಕಾಲವನ್ನು ನೆನಪಿಸಿಕೊಳ್ಳಿ. ಗುಜರಾತಿನ ಕಡೆಯಿಂದ ಬರುವ ಸರಕಿನ ಲಾರಿಗಳು ಅಲ್ಲಿ ಸಾಲುಗಟ್ಟಿ ನಿಲ್ಲಬೇಕಿತ್ತು. 2017ರ ಜುಲೈ 1ರಂದು ಜಿ.ಎಸ್.ಟಿ. ಬಂದು ಜಕಾತ್ ಹೋಗುವವರೆಗೂ ಈ ಸಾಲು ಇತ್ತು. ಹತ್ತು ಹೆಜ್ಜೆ ಮುಂದೆ, ಬಂದ್, ಮತ್ತೆ ಸೆಲ್ಫ್, ಮತ್ತೆ ಹತ್ತು ಹೆಜ್ಜೆ. ಬ್ಯಾಟರಿಗೆ ಇದಕ್ಕಿಂತ ದೊಡ್ಡ ಶಿಕ್ಷೆಯಿಲ್ಲ. ಮೇಲಾಗಿ ಹಳೆಯ ಗಾಡಿಗಳಲ್ಲಿ ಇದ್ದದ್ದು ಡೈನಮೋ. ಇಂಜಿನ್ ಜೋರಾಗಿ ಓಡಿದರೆ ಮಾತ್ರ ಅದು ಚಾರ್ಜ್ ಮಾಡುತ್ತದೆ, ನಿಂತಲ್ಲಿ ಗೊಣಗುತ್ತಿದ್ದರೆ ಸೊನ್ನೆ. ಸಿಲಿಕಾನ್ ಡಯೋಡುಗಳು ಅಗ್ಗವಾದ ಮೇಲೆ, 1960ರ ದಶಕದಿಂದ ಲೋಕದಲ್ಲೆಲ್ಲ ಆಲ್ಟರ್ನೇಟರ್ ಹಬ್ಬಿತು. ನಿಧಾನ ಗತಿಯಲ್ಲೂ ಅದು ಒಂದಿಷ್ಟು ಉಣಿಸುತ್ತದೆ. ಟ್ರಾಫಿಕ್ಕಿನಲ್ಲಿ ತೆವಳುವ ಊರಿಗೆ ಅದು ದೊಡ್ಡ ಉಪಕಾರ.

ಮೇಸ್ತ್ರಿಯನ್ನು ದೂರದಿಂದಲೇ ಗುರುತಿಸಬಹುದಿತ್ತು. ಅಂಗಿ, ಪ್ಯಾಂಟಿನ ತುಂಬ ಸಣ್ಣ ಸಣ್ಣ ತೂತು. ಆಸಿಡ್ ಹನಿ ಬಿದ್ದ ದಿನ ಬಟ್ಟೆಗೆ ಏನೂ ಆದಂತೆ ಕಾಣುವುದಿಲ್ಲ, ಹೆಂಡತಿ ಒಗೆದು ಹಿಂಡಿದಾಗ ತೂತು ಬಾಯಿ ಬಿಡುತ್ತದೆ. ಬೈಗುಳ ಮೇಸ್ತ್ರಿಗೆ.

ಆಗಿನ ಬ್ಯಾಟರಿಯನ್ನು ನಿಜಕ್ಕೂ ರಿಪೇರಿ ಮಾಡಬಹುದಿತ್ತು. ಕರಿಯ ಗಟ್ಟಿ ರಬ್ಬರಿನ ಪೆಟ್ಟಿಗೆ, ಒಳಗೆ ಕೋಣೆಗಳು, ಪ್ರತಿ ಕೋಣೆಗೆ ಬೇರೆ ಮುಚ್ಚಳ, ಅಂಚಿಗೆ ಡಾಂಬರಿನ ಮೊಹರು. ಕೋಣೆಯಿಂದ ಕೋಣೆಗೆ ಸೀಸದ ಪಟ್ಟಿ ಹೊರಗೇ ಕಾಣುತ್ತಿತ್ತು. ಹನ್ನೆರಡು ವೋಲ್ಟಿನ ಬ್ಯಾಟರಿಯೆಂದರೆ ಆರು ಕೋಣೆ. ಎರಡು ಮುಳ್ಳಿನ ಟೆಸ್ಟರನ್ನು ಒಂದೊಂದು ಕೋಣೆಯ ಪಟ್ಟಿಗೆ ಒತ್ತಿ ನೋಡಿದರೆ ಯಾವುದು ಸತ್ತಿದೆ ಎಂದು ಕ್ಷಣದಲ್ಲಿ ತಿಳಿಯುತ್ತದೆ. ಸತ್ತ ಕೋಣೆಯ ಪಟ್ಟಿಯನ್ನು ಡ್ರಿಲ್ ಹಾಕಿ ಬಿಡಿಸಿ, ಡಾಂಬರನ್ನು ಬೆಂಕಿಗೆ ಮೆತ್ತಗೆ ಮಾಡಿ, ಇಡೀ ಪ್ಲೇಟುಗಳ ಕಟ್ಟನ್ನು ಇಕ್ಕಳದಿಂದ ಹಲ್ಲು ಕೀಳುವಂತೆ ಮೇಲಕ್ಕೆ ಎಳೆಯುತ್ತಿದ್ದರು. ಪ್ಲೇಟುಗಳ ನಡುವೆ ತಾಗದಂತೆ ಮೊದಲು ಮರದ ತೆಳು ಹಲಗೆ ಇರುತ್ತಿತ್ತು, ಆಮೇಲೆ ರಬ್ಬರು, ಪ್ಲಾಸ್ಟಿಕ್ಕು ಬಂದವು. ಕೆಟ್ಟ ಪ್ಲೇಟು ಬದಲಿಸಿ, ತಳದ ಕೆಸರು ತೊಳೆದು, ಕಟ್ಟನ್ನು ಇಳಿಸಿ, ಡಾಂಬರು ಹೊಯ್ದು, ಪಟ್ಟಿಗೆ ಸೀಸ ಕರಗಿಸಿ ಬೆಸೆದರೆ ಬ್ಯಾಟರಿಗೆ ಇನ್ನೊಂದು ಮಳೆಗಾಲದ ಆಯುಷ್ಯ. ಆಸಿಡ್ ಕಲಸುವಾಗ ನೀರಿಗೆ ಆಸಿಡ್ ಸುರಿಯಬೇಕು, ಆಸಿಡ್ಡಿಗೆ ನೀರು ಸುರಿದರೆ ಕುದಿದು ಮುಖಕ್ಕೆ ಹಾರುತ್ತದೆ. ಹೊಸ ಹುಡುಗನಿಗೆ ಮೊದಲ ಪಾಠ ಇದು, ಎರಡನೆಯದು ಚಾರ್ಜಿಗಿಟ್ಟ ಬ್ಯಾಟರಿಯ ಹತ್ತಿರ ಬೀಡಿ ಹಚ್ಚಬಾರದು ಎಂಬುದು. ಚಾರ್ಜಾಗುವಾಗ ಬರುವ ಗುಳ್ಳೆ ಹೈಡ್ರೋಜನ್, ಕಿಡಿ ಬಿದ್ದರೆ ಪೆಟ್ಟಿಗೆಯೇ ಸಿಡಿಯುತ್ತದೆ.

ರೇಡಿಯೋದ ನಂಟು ಹೇಳುತ್ತೇನೆಂದೆನಲ್ಲ, ಅದು ಈ ಅಂಗಡಿಗಳಲ್ಲೇ ಇದೆ. 1927ರ ಜುಲೈ 23ರಂದು ಮುಂಬಯಿಯಲ್ಲಿ ಬಾನುಲಿ ಕೇಂದ್ರ ಆರಂಭವಾಯಿತು, ಮೈಸೂರಿನಲ್ಲಿ 1935ರಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿಯವರ 'ಆಕಾಶವಾಣಿ'. ಕರೆಂಟಿಲ್ಲದ ಊರುಗಳಲ್ಲಿ ಆಗಿನ ವಾಲ್ವ್ ರೇಡಿಯೋ ಉರಿಯಲು ಸೀಸದ ಬ್ಯಾಟರಿ ಬೇಕು. ಅದನ್ನು ಹೊತ್ತು ಪೇಟೆಗೆ ಹೋಗಿ ಚಾರ್ಜಿಗೆ ಹಾಕಿ, ವಾರಕ್ಕೋ ಎರಡು ವಾರಕ್ಕೋ ತರಬೇಕು. ಪೇಟೆಯಲ್ಲಿ ಲಾರಿ ಬ್ಯಾಟರಿ ತುಂಬಿಸುವವನೇ ಊರಿಗೆ ವಾರ್ತೆಯನ್ನೂ ತುಂಬಿಸಿ ಕಳಿಸುತ್ತಿದ್ದ ಎನ್ನಬಹುದು.

ಈ ನಂಟಿಗೆ ಒಂದು ಕೆಟ್ಟ ಮಗ್ಗುಲೂ ಇದೆ, ಕೇಳುಗರು ಕ್ಷಮಿಸಬೇಕು. ದೊಡ್ಡ ಗಾಡಿಗಳಲ್ಲಿ ಇಪ್ಪತ್ತನಾಲ್ಕು ವೋಲ್ಟು ಬೇಕಾದ್ದರಿಂದ ಹನ್ನೆರಡರ ಎರಡು ಬ್ಯಾಟರಿಗಳನ್ನು ಸಾಲಾಗಿ ಜೋಡಿಸಿರುತ್ತಾರೆ. ರೇಡಿಯೋ, ಟೇಪ್‌ರೆಕಾರ್ಡರಿಗೆ ಬೇಕಾದದ್ದು ಹನ್ನೆರಡು ಮಾತ್ರ. ಡ್ರೈವರ್ ಏನು ಮಾಡುತ್ತಾನೆ? ಎರಡರಲ್ಲಿ ಒಂದರಿಂದಷ್ಟೇ ತಂತಿ ಎಳೆಯುತ್ತಾನೆ. ಹಾಡು ಚೆನ್ನಾಗಿಯೇ ಬರುತ್ತದೆ. ಆದರೆ ಆ ಒಂದು ಬ್ಯಾಟರಿ ದಿನಾ ಹಸಿದು ಸಲ್ಫೇಟ್ ಹಿಡಿಯುತ್ತದೆ, ಜೊತೆಯದ್ದು ಅತಿಯಾಗಿ ಉಂಡು ನೀರು ಆವಿಯಾಗಿ ಒಣಗುತ್ತದೆ. ಜೋಡೆತ್ತಿನಲ್ಲಿ ಒಂದಕ್ಕೆ ಮಾತ್ರ ಹುಲ್ಲು ಹಾಕಿದ ಹಾಗೆ. ಎಷ್ಟೋ ಸಲ 'ಕಂಪೆನಿ ಮಾಲೇ ಸರಿಯಿಲ್ಲ' ಎಂದು ಬೈಸಿಕೊಂಡ ಬ್ಯಾಟರಿಯನ್ನು ಕೊಂದದ್ದು ಈ ತಂತಿ.

ಸತ್ತಂತೆ ಕಾಣುವ ಬ್ಯಾಟರಿಯನ್ನು ಎಬ್ಬಿಸುವ ಕ್ರಮ ಬಹಳ ಸರಳ, ಆದರೆ ತಾಳ್ಮೆ ಬೇಕು. ಮೊದಲು ಟರ್ಮಿನಲ್ಲಿನ ಬಿಳಿ-ಹಸಿರು ಹೂವನ್ನು ಸೋಡಾ ಬೆರೆಸಿದ ಬಿಸಿನೀರಿನಿಂದ ತೊಳೆಯಬೇಕು, ಸೋಡಾ ನೀರು ಒಳಗೆ ಹೋಗದ ಹಾಗೆ. ಎಷ್ಟೋ ಬಾರಿ ಬ್ಯಾಟರಿ ಚೆನ್ನಾಗಿಯೇ ಇರುತ್ತದೆ, ತಂತಿಯ ತುದಿ ಮಾತ್ರ ತುಕ್ಕು ಹಿಡಿದಿರುತ್ತದೆ. ಸಮುದ್ರದ ಗಾಳಿಯ ಊರಿನಲ್ಲಿ ಇದು ಮಾಮೂಲು. ಒರೆಸಿ ವ್ಯಾಸ್‌ಲೀನ್ ಸವರಿದರೆ ಸಾಕು. ಆಮೇಲೆ ಪ್ಲೇಟು ಮುಳುಗುವಷ್ಟು ಡಿಸ್ಟಿಲ್ಡ್ ವಾಟರ್ ಹಾಕಬೇಕು. ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು: ಆವಿಯಾಗಿ ಹೋಗುವುದು ನೀರು ಮಾತ್ರ, ಆಸಿಡ್ ಒಳಗೇ ಉಳಿದಿರುತ್ತದೆ. 'ಕರೆಂಟು ಕಮ್ಮಿ, ಸ್ವಲ್ಪ ಆಸಿಡ್ ಬಿಡಿ' ಎಂಬ ಸಲಹೆ ಕೊಡುವವರು ಪ್ರತಿ ಗ್ಯಾರೇಜಿನಲ್ಲೂ ಇದ್ದಾರೆ. ಹಾಗೆ ಬಿಟ್ಟರೆ ಹೈಡ್ರೋಮೀಟರಿನ ಬುರುಡೆ ಮೇಲೇಳುತ್ತದೆ, ಕೆಳಗೆ ಪ್ಲೇಟು ಸಾಯುತ್ತದೆ. ನಂತರ ನಿಧಾನ ಚಾರ್ಜು. 150 ಆಂಪಿಯರ್-ಅವರ್‌ನ ಲಾರಿ ಬ್ಯಾಟರಿಗೆ ಐದೋ ಏಳೋ ಆಂಪಿಯರ್ ಕೊಟ್ಟು ಎರಡು ಮೂರು ದಿನ ಬಿಡಬೇಕು. ಕೈಯಿಟ್ಟರೆ ಸುಡುವಷ್ಟು ಕಾವೇರಿದರೆ ನಿಲ್ಲಿಸಿ ತಣಿಸಿ ಮತ್ತೆ ಶುರು. ಆರೂ ಕೋಣೆಯಲ್ಲಿ ಗುಳ್ಳೆ ಎದ್ದು, ಗಂಟೆಗೊಮ್ಮೆಯಂತೆ ಮೂರು ಸಲ ನೋಡಿದಾಗಲೂ ಆಸಿಡ್ಡಿನ ದಪ್ಪ ಏರದೆ ಒಂದೇ ಕಡೆ ನಿಂತರೆ ಅದರ ಕೈಲಾದಷ್ಟು ತುಂಬಿತೆಂದು ಲೆಕ್ಕ. ಐದು ಕೋಣೆ ಏರಿ ಒಂದು ಮಾತ್ರ 1100ರಲ್ಲೇ ಕುಳಿತರೆ ಆ ಕೋಣೆಯ ಪ್ಲೇಟುಗಳು ಒಂದಕ್ಕೊಂದು ತಾಗಿವೆ, ಇನ್ನು ಯಾವ ಚಾರ್ಜಿಗೂ ಅದು ಏಳುವುದಿಲ್ಲ. ಅರ್ಜೆಂಟಿನಲ್ಲಿ ಒಂದೇ ಗಂಟೆಯಲ್ಲಿ ಇಪ್ಪತ್ತು ಮೂವತ್ತು ಆಂಪಿಯರ್ ತುರುಕುವವರಿದ್ದಾರೆ. ಹರಳುಗಟ್ಟಿದ ಪ್ಲೇಟಿಗೆ ಅದು ಹಸಿದವನಿಗೆ ಒಮ್ಮೆಲೇ ಮದುವೆ ಊಟ ಬಡಿಸಿದಂತೆ.

ಇಷ್ಟು ತಾಳ್ಮೆ ಯಾರಿಗಿದೆ? ಅದಕ್ಕೇ ಮಾಯದ ಪುಡಿಗಳು ಹುಟ್ಟಿಕೊಳ್ಳುತ್ತವೆ. ಚೀಲದಲ್ಲಿ ತಂದು ಒಂದೊಂದು ಕೋಣೆಗೆ ಒಂದೊಂದು ಚಿಟಿಕೆ ಹಾಕಿ 'ಇನ್ನೆರಡು ವರ್ಷ ಭಯವಿಲ್ಲ' ಎನ್ನುವವರನ್ನು ನೀವೂ ಕಂಡಿರಬಹುದು. ಈ ಪುಡಿಯಿಂದಾಗಿ ಒಂದು ದೇಶದ ಸರಕಾರವೇ ಅಲುಗಾಡಿದ ಕತೆ ಕೇಳಿ. ಅಮೆರಿಕದ ಓಕ್‌ಲ್ಯಾಂಡಿನಲ್ಲಿ ಜೆಸ್ ರಿಚಿ ಎಂಬವನಿದ್ದ, ಹಿಂದೆ ಬುಲ್‌ಡೋಜರ್ ಓಡಿಸಿದ್ದವನು. ಎ.ಡಿ.-ಎಕ್ಸ್2 ಎಂಬ ಹೆಸರಿನಲ್ಲಿ ಬ್ಯಾಟರಿಗೆ ಜೀವ ಕೊಡುವ ಪುಡಿ ಮಾರುತ್ತಿದ್ದ. ಅದರಲ್ಲಿದ್ದದ್ದು ಮುಖ್ಯವಾಗಿ ಸೋಡಿಯಂ ಸಲ್ಫೇಟು ಮತ್ತು ಮೆಗ್ನೀಸಿಯಂ ಸಲ್ಫೇಟು. ಎರಡನೆಯದನ್ನು ಎಪ್ಸಮ್ ಸಾಲ್ಟ್ ಎಂದು ನಮ್ಮ ಔಷಧದಂಗಡಿಗಳಲ್ಲೂ ಕೊಡುತ್ತಾರೆ. ಇಂಥ ಪುಡಿಗಳಿಂದ ಪ್ರಯೋಜನವಿಲ್ಲ ಎಂದು ಅಲ್ಲಿನ ರಾಷ್ಟ್ರೀಯ ಮಾನಕ ಸಂಸ್ಥೆ ಪರೀಕ್ಷೆ ಮಾಡಿ ಹೇಳಿತು. ರಿಚಿ ಸುಮ್ಮನಿರಲಿಲ್ಲ, ಗಿರಾಕಿಗಳ ಮೆಚ್ಚುಗೆಯ ಪತ್ರಗಳನ್ನು ಹಿಡಿದು ರಾಜಕಾರಣಿಗಳ ಬಾಗಿಲಿಗೆ ಹೋದ. ಹೊಸ ಸರಕಾರದ ವಾಣಿಜ್ಯ ಮಂತ್ರಿ ಸಿಂಕ್ಲೇರ್ ವೀಕ್ಸ್, ಸಂಸ್ಥೆ ಮಾರುಕಟ್ಟೆಯ ತೀರ್ಪಿಗೆ ಬೆಲೆ ಕೊಟ್ಟಿಲ್ಲವೆಂದು 1953ರಲ್ಲಿ ಅದರ ನಿರ್ದೇಶಕ ಅಲೆನ್ ಆಸ್ಟಿನ್ ರಾಜೀನಾಮೆ ಕೊಡುವಂತೆ ಮಾಡಿದ. ವಿಜ್ಞಾನಿಗಳು ಸಿಡಿದೆದ್ದರು, ಪತ್ರಿಕೆಗಳು ಬರೆದವು, ಆಸ್ಟಿನ್ ಅದೇ ಕುರ್ಚಿಗೆ ಮರಳಿದ. ಪುಡಿಯಲ್ಲಿ ಸತ್ವವಿಲ್ಲವೆಂದು ವಿಜ್ಞಾನ ಅಕಾಡೆಮಿಯ ಸಮಿತಿಯೂ ಅದೇ ವರ್ಷ ಹೇಳಿತು.

ಹಾಗಾದರೆ ಮೆಚ್ಚುಗೆ ಪತ್ರ ಬರೆದವರೆಲ್ಲ ಸುಳ್ಳುಗಾರರೇ? ನನಗೆ ಹಾಗನಿಸುವುದಿಲ್ಲ. ಪುಡಿ ಹಾಕಿದವನು ಮುಚ್ಚಳ ತೆಗೆದು ನೋಡಿರುತ್ತಾನೆ, ನೀರು ತುಂಬಿಸಿರುತ್ತಾನೆ, ಟರ್ಮಿನಲ್ ಉಜ್ಜಿರುತ್ತಾನೆ, ಚಾರ್ಜಿಗೂ ಇಟ್ಟಿರುತ್ತಾನೆ. ವರ್ಷಗಟ್ಟಲೆ ಯಾರೂ ಮಾಡದ ಆರೈಕೆ ಒಂದೇ ದಿನ ಸಿಕ್ಕಿದೆ. ಬ್ಯಾಟರಿ ಎದ್ದು ಕುಳಿತರೆ ಹೆಸರು ಪುಡಿಗೆ.

ಇನ್ನು ಈ ವಿದ್ಯೆಯ ಬೆಲೆಯ ವಿಷಯ. ಸೀಸ ಕರಗುವುದು 327 ಡಿಗ್ರಿಗೆ. ಸೌದೆ ಒಲೆಯ ಮೇಲೂ ಕರಗುತ್ತದೆ. ಅಷ್ಟು ಸುಲಭವಾದ್ದರಿಂದಲೇ ಅದು ಅಂಗಡಿಯ ಹಿಂದೆ, ಗುಡಿಸಿಲಿನ ಬದಿಯಲ್ಲಿ, ಮಕ್ಕಳು ಆಡುವಲ್ಲೇ ಕರಗಿತು. ಕೆಟ್ಟ ಪ್ಲೇಟಿನ ಪುಡಿ ಮೇಸ್ತ್ರಿಯ ತೂತು ಅಂಗಿಯಲ್ಲಿ ಕುಳಿತು ಮನೆಗೆ ಬಂತು. ತೊಳೆದ ಕೆಸರಿನ ಆಸಿಡ್ ಗಟಾರಕ್ಕೆ ಹೋಯಿತು. ಕೆಲಸಗಾರನಿಗೆ ಹೊಟ್ಟೆನೋವು, ರಕ್ತಹೀನತೆ, ಮಣಿಕಟ್ಟಿನ ಬಲ ಕುಗ್ಗುವುದು. ಚಿಕ್ಕ ಮಕ್ಕಳಿಗೆ ಅದಕ್ಕಿಂತ ಕೆಟ್ಟದ್ದು, ಸೀಸ ಅವರ ಮೆದುಳಿನ ಬೆಳವಣಿಗೆಯನ್ನೇ ತಿನ್ನುತ್ತದೆ, ಹೊರಗೆ ಯಾವ ಗುರುತೂ ಕಾಣುವುದಿಲ್ಲ. ಪಾಠ ತಲೆಗೆ ಹತ್ತದ ಹುಡುಗನನ್ನು ದಡ್ಡನೆಂದು ಬೈದು ಸುಮ್ಮನಾಗುತ್ತೇವೆ.

ಇದನ್ನು ನಮ್ಮ ದೇಶಕ್ಕೆ ಎತ್ತಿ ತೋರಿಸಿದ ಕೆಲಸ ಬಹುಪಾಲು ಬೆಂಗಳೂರಿನಲ್ಲೇ ನಡೆಯಿತು. 1990ರ ದಶಕದ ಕೊನೆಯಲ್ಲಿ ಜಾರ್ಜ್ ಫೌಂಡೇಷನ್ ಬೆಂಗಳೂರು, ಮುಂಬಯಿ ಸೇರಿದಂತೆ ದೊಡ್ಡ ನಗರಗಳಲ್ಲಿ ರಕ್ತಪರೀಕ್ಷೆ ನಡೆಸಿತು. ಪರೀಕ್ಷೆಗೊಳಗಾದ ಹನ್ನೆರಡು ವರ್ಷದೊಳಗಿನ ಮಕ್ಕಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿ ಸೀಸವಿತ್ತು. ಅಪಾಯದ ಗೆರೆಯೆಂದು ಆಗ ಹಿಡಿದಿದ್ದ ಮಟ್ಟ ಅದು. ಅಮೆರಿಕದವರು ಆ ಗೆರೆಯನ್ನು 2012ರಲ್ಲಿ 5ಕ್ಕೆ, 2021ರಲ್ಲಿ 3.5ಕ್ಕೆ ಇಳಿಸಿದ್ದಾರೆ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನಲ್ಲಿದ್ದ ಡಾ. ತುಪ್ಪಿಲ್ ವೆಂಕಟೇಶ್ ಸೀಸದ ವಿಷದ ಬಗ್ಗೆ ಜನಕ್ಕೆ ತಿಳಿಹೇಳುವುದನ್ನೇ ಬದುಕಿನ ಕೆಲಸ ಮಾಡಿಕೊಂಡರು. ಸೀಸ ಬೆರೆತ ಪೆಟ್ರೋಲ್ 2000ದ ಫೆಬ್ರವರಿಯಲ್ಲಿ ದೇಶದಾದ್ಯಂತ ನಿಂತಿತು. ಬ್ಯಾಟರಿಯ ಸೀಸ ನಿಲ್ಲಲಿಲ್ಲ. 2001ರ ನಿಯಮಗಳು ಹಳೆಯ ಬ್ಯಾಟರಿಯನ್ನು ಮಾರಾಟಗಾರನೇ ವಾಪಸು ಪಡೆಯಬೇಕು, ನೋಂದಾಯಿತ ಕಾರ್ಖಾನೆಗೇ ಕೊಡಬೇಕು ಎಂದವು, 2022ರಲ್ಲಿ ಅದರ ಜಾಗಕ್ಕೆ ಇನ್ನೂ ಬಿಗಿಯಾದ ನಿಯಮಗಳು ಬಂದವು. ಆದರೂ 2020ರಲ್ಲಿ ಯುನಿಸೆಫ್ ಹೊರತಂದ ವರದಿಯ ಪ್ರಕಾರ ರಕ್ತದಲ್ಲಿ 5ಕ್ಕಿಂತ ಹೆಚ್ಚು ಸೀಸವಿರುವ ಮಕ್ಕಳು ಜಗತ್ತಿನಲ್ಲಿ 80 ಕೋಟಿ, ಅದರಲ್ಲಿ ಭಾರತದವರು 27 ಕೋಟಿಗೂ ಮಿಕ್ಕಿ. ಬೇಕಾಬಿಟ್ಟಿ ಕರಗಿಸುವ ಬ್ಯಾಟರಿಗಳನ್ನು ಆ ವರದಿ ದೊಡ್ಡ ಕಾರಣಗಳಲ್ಲಿ ಒಂದೆಂದು ಎಣಿಸಿದೆ.

ಆದ್ದರಿಂದ ಮೇಸ್ತ್ರಿಯ ಜಾಣ್ಮೆಯನ್ನು ಹೊಗಳುವಾಗ ನನ್ನ ನಾಲಿಗೆ ಸ್ವಲ್ಪ ತಡೆಯುತ್ತದೆ. ನೀರು, ಸ್ವಚ್ಛತೆ, ನಿಧಾನ ಚಾರ್ಜು, ಇವು ಇವತ್ತಿಗೂ ಬೇಕಾದ ವಿದ್ಯೆ. ಪೆಟ್ಟಿಗೆ ಬಿಚ್ಚಿ ಪ್ಲೇಟು ಕಿತ್ತು ಸೀಸ ಕರಗಿಸುವುದು ಮಾತ್ರ ಅಂಗಡಿಯಲ್ಲಿ ನಡೆಯಬಾರದಿತ್ತು. ಅದು ನಿಂತದ್ದೂ ಕಾಯಿದೆಯಿಂದಲ್ಲ, ಪ್ಲಾಸ್ಟಿಕ್ಕಿನಿಂದ. ಡಾಂಬರಿನ ಮೊಹರಿನ ಬದಲು ಮುಚ್ಚಳವನ್ನು ಕಾವಿನಲ್ಲಿ ಬೆಸೆದುಬಿಟ್ಟ ತೆಳ್ಳಗಿನ ಪೆಟ್ಟಿಗೆ ಬಂತು, ಕೋಣೆಗಳ ನಡುವಿನ ಪಟ್ಟಿ ಒಳಗಿನ ಗೋಡೆಯಲ್ಲಿ ಅಡಗಿತು. ಆಮೇಲೆ ನೀರು ಹಾಕುವ ಕೆಲಸವೂ ಇಲ್ಲದ ಮೇಂಟೆನೆನ್ಸ್ ಫ್ರೀ. 2000ದಲ್ಲಿ ಬಂದ ಅಮರಾನ್ ಆ ಮಾತನ್ನೇ ಜಾಹೀರಾತಿನಲ್ಲಿ ಮನೆಮಾತಾಗಿಸಿತು. ಬಿಚ್ಚಲಾಗದ್ದನ್ನು ಮೇಸ್ತ್ರಿ ಏನು ಮಾಡಿಯಾನು? ಅಂಗಡಿ ಉಳಿಯಿತು, ಹಳೆಯದು ಕೊಟ್ಟು ಹೊಸದು ಒಯ್ಯುವ ಜಾಗವಾಗಿ. ಹೈಡ್ರೋಮೀಟರು ಮೊಳೆಗೆ ನೇತಾಡುತ್ತಿರುತ್ತದೆ.

ಆದರೆ ನಿಮ್ಮ ಬೀದಿಯ ಹಳೆಯ ಶಾಲಾಬಸ್ಸು, ನೀರಿನ ಟ್ಯಾಂಕರು, ಗಣಪತಿ ಮೆರವಣಿಗೆಗೆ ಬರುವ ಮುದಿ ಲಾರಿ, ಇವುಗಳ ಅಡಿಯಲ್ಲಿ ಇಂದಿಗೂ ಆರು ಬಿರಡೆಯ ಬ್ಯಾಟರಿಯೇ ಇರುವುದು ಹೆಚ್ಚು. ಸೊಸೈಟಿಯ ಪಾಲಕರಲ್ಲಿ ಯಾರಾದರೂ ಬಸ್ಸಿನ ಮಾಲಕರ ಪರಿಚಯಸ್ಥರಿದ್ದರೆ ಏಪ್ರಿಲ್ ಕೊನೆಗೇ ಹೇಳಿಬಿಡಿ: ರಜೆಗೆ ಹೊರಡುವ ಮೊದಲು ಬ್ಯಾಟರಿಯನ್ನು ಪೂರ್ತಿ ತುಂಬಿಸಿ, ಒಂದು ತಂತಿ ಬಿಚ್ಚಿಟ್ಟು ಹೋಗಲಿ. ನಡುವೆ ಒಂದು ಸಲ ಚಾರ್ಜಿಗೆ ಹಾಕಲಿ. ಟೇಪಿನ ತಂತಿ ಒಂದೇ ಬ್ಯಾಟರಿಗೆ ಹೋಗಿದ್ದರೆ ಬಿಡಿಸಲಿ, ಇಪ್ಪತ್ತನಾಲ್ಕನ್ನು ಹನ್ನೆರಡಾಗಿಸುವ ಸಣ್ಣ ಕನ್ವರ್ಟರು ಸಿಗುತ್ತದೆ. ಎರಡರಲ್ಲಿ ಒಂದು ಕೆಟ್ಟರೆ ಒಂದನ್ನು ಮಾತ್ರ ಹೊಸದು ಹಾಕಿದರೆ ಹಳೆಯದು ಹೊಸದನ್ನೂ ಎಳೆದು ಕೆಡಿಸುತ್ತದೆ, ಜೋಡಿಯನ್ನೇ ಬದಲಿಸಬೇಕು. ಹಳೆಯದನ್ನು ಭಂಗಾರ್‌ವಾಲಾನ ತಕ್ಕಡಿಗೆ ಹಾಕದೆ ಹೊಸದು ಕೊಟ್ಟ ಅಂಗಡಿಗೇ ಒಪ್ಪಿಸಲಿ. ನೂರಿನ್ನೂರು ರೂಪಾಯಿ ಕಡಿಮೆ ಸಿಗಬಹುದು.

ಹೊಸ ಬಸ್ಸುಗಳ ಮಾತು ಬೇರೆ. 2020ರ ಏಪ್ರಿಲ್ 1ರಿಂದ ಬಂದ ಬಿ.ಎಸ್.-6 ಗಾಡಿಗಳಲ್ಲಿ ಎಣ್ಣೆ ಬಿಡುವುದೂ ಕಂಪ್ಯೂಟರಿನ ಅಪ್ಪಣೆಯಂತೆ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಎಷ್ಟು ಜನ ತಳ್ಳಿದರೂ ಇಂಜಿನ್ ಮಿಸುಕುವುದಿಲ್ಲ. ಅದು ಡ್ರೈವರಿಗೂ ಗೊತ್ತು. ಆದರೂ ರಾಷ್ಟ್ರೀಯ ಉದ್ಯಾನದ ಕಡೆಯ ಏರುರಸ್ತೆಯಲ್ಲಿ ಸಂಜೆ ಒಮ್ಮೆ ನಡೆದು ನೋಡಿ. ಊರಿನ ಘಾಟಿಯಲ್ಲಿ ಕೈ ಪಳಗಿದವನು ಬಸ್ಸಿನ ಮೂತಿಯನ್ನು ಇಳಿಜಾರಿಗೆ ತಿರುಗಿಸಿಯೇ ನಿಲ್ಲಿಸಿರುತ್ತಾನೆ, ಮುಂದಿನ ಚಕ್ರಕ್ಕೆ ಒಂದು ಕಲ್ಲು ಕೊಟ್ಟು.